ಗಂಜಿ ಸಾಲಿನ ಮೊದಲನೆಯವಳು

ಪಾಂಡವಪುರದ ಬಸ್ ನಿಲ್ದಾಣದ ಎದುರು ಹೇಮ ಸಿಮೆಂಟಿನಲ್ಲಿ ನಿಲ್ಲಿಸುತ್ತಿದ್ದದ್ದು ಹೆಂಗಸರ ಒಂದು ಸಾಲು. ಎಲ್ಲರ ಕೈಯಲ್ಲೂ ಖಾಲಿ ಪಾತ್ರೆ, ಎಲ್ಲರೂ ಕಾಯುತ್ತಿರುವುದು ಗಂಜಿಗೆ. ಸಕ್ಕರೆ ಮಿಲ್ಲು ಮುಚ್ಚಿ ಊರು ಹಸಿದಿದ್ದ ವರ್ಷಗಳ ನೆನಪಿಗೆ ಹಳೆಯ ಕಾರ್ಮಿಕರು ಮಾಡಿಸುತ್ತಿದ್ದ ಶಿಲ್ಪ ಅದು. ಆಗ ಕಬ್ಬಿನ ಗಾಡಿಗಳು ಬರುವುದು ನಿಂತು ಹೇಮಳ ಅಪ್ಪನ ಕುಲುಮೆಯೂ ತಣ್ಣಗಾಗಿತ್ತು. ಅವ್ವ ಸಾಲಿನಲ್ಲಿ ನಿಂತು ತಂದ ಗಂಜಿ ಕುಡಿದೇ ಅವಳು ಶಾಲೆಗೆ ಹೋಗಿದ್ದು. ಹಾಗಾಗಿ ಮೊದಲನೆಯವಳಿಗೆ ಅವ್ವನ ಮುಖವನ್ನೇ ಕೊಟ್ಟಿದ್ದಳು. ಅಷ್ಟು ಚೆನ್ನಾದ ಮುಖ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಬೂಕನಕೆರೆಯಲ್ಲಿ ಮಗನ ಮನೆಯಲ್ಲಿದ್ದ ಅವ್ವ ಮಂಗಳಮ್ಮನನ್ನು ಒಂದು ಬೆಳಿಗ್ಗೆ ಹುರುಪಿನಿಂದ ಕರೆತಂದು ತೋರಿಸಿದಳು. ಮಂಗಳಮ್ಮ ಬಹಳ ಹೊತ್ತು ನೋಡಿದಳು.

"ಈ ಮೊಕ ತೆಗೆದ್ಬುಡು."

"ಯಾಕವ್ವ? ಇದ್ರಲ್ಲಿ ನಾಚ್ಕೆ ಏನೈತೆ? ಊರೇ ನಿಂತಿತ್ತಲ್ಲ."

"ನಿಂಗೇನು ನಾಚ್ಕೆ, ನಿಂತಿದ್ದೋಳು ನಾನು. ಯಾರೂ ಗುರ್ತು ಹಿಡೀಬಾರ್ದು ಅಂತ ತಲೆ ಬಗ್ಗಿಸ್ಕೊಂಡಿದ್ದೆ. ನೀನು ಬಸ್ ಸ್ಟ್ಯಾಂಡಲ್ಲಿ ನಿಲ್ಸಿದೀಯ. ನನ್ನ ಒಂದ್ ಮಾತು ಕೇಳಿದ್ಯಾ?"

ಕಲೆ, ಸತ್ಯ ಎಂದೆಲ್ಲ ಕಾರ್ಮಿಕರ ಸಭೆಯಲ್ಲಿ ಮಾತನಾಡಿದ್ದ ಹೇಮ ಈಗ ಉಳಿ ಎತ್ತಿಕೊಂಡಳು. ಗಾರೆ ಕೆಲಸದ ತಿಮ್ಮೇಶ, "ಬ್ಯಾಡ ಕಣಕ್ಕ, ಇಂತಾದ್ದು ಇನ್ನೊಂದ್ಸಲ ಬರಾಕಿಲ್ಲ" ಎಂದು ಅಂಗಲಾಚಿದ. ಮೊದಲು ಮೂಗು ಉದುರಿತು, ಆಮೇಲೆ ಕೆನ್ನೆ. ಪೂರ್ತಿ ಹೋಗುವ ತನಕ ಮಂಗಳಮ್ಮ ಅಲ್ಲಾಡಲಿಲ್ಲ.

ಇನ್ನು ಯಾರ ಮುಖ ಇಡುವುದು? ಕೇಳದೆ ಯಾರದನ್ನೂ ಇಡುವಂತಿರಲಿಲ್ಲ. ಹೇಮ ತಿಮ್ಮೇಶನ ಬೈಕಿನ ಕನ್ನಡಿ ಬಿಚ್ಚಿ ಎದುರಿಗಿಟ್ಟುಕೊಂಡು ತನ್ನದನ್ನೇ ಮಾಡಿದಳು. ಅವ್ವನಿಗೂ ಹೇಳಿದಳು. ಮಂಗಳಮ್ಮ "ಊಂ" ಎಂದಳು, ಅಷ್ಟೇ.

ಶಿಲ್ಪದ ಪರದೆ ಸರಿಸಿದ ದಿನ ಮಂಗಳಮ್ಮ ಬಂದು ಗುಂಪಿನ ಹಿಂದೆ, ಮಗಳ ಪಕ್ಕದಲ್ಲಿ ನಿಂತಳು. ಹೂವು ಮಾರುವ ಸೋಮಮ್ಮ ಒಮ್ಮೆ ಶಿಲ್ಪವನ್ನು, ಒಮ್ಮೆ ಮಂಗಳಮ್ಮನನ್ನು ನೋಡಿದಳು. "ಅಲ್ಲ ಕಣಕ್ಕ, ಆ ಮುಂದ್ಲೋಳು ತೇಟ್ ನಿನ್ನಂಗೇ ಅವ್ಳಲ್ಲ!"

ಹೇಮ ಶಿಲ್ಪದತ್ತ ತಿರುಗಿದಳು. ಕನ್ನಡಿಯಲ್ಲಿ ತಾನು ಕಂಡದ್ದು ಯಾರನ್ನು?

ಮಂಗಳಮ್ಮ ಹೇಮಳ ಭುಜದ ಮೇಲೆ ಕೈಯಿಟ್ಟಳು. "ನನ್ ಮಗಳು ಅದು," ಎಂದಳು. "ಇವ್ಳಿಗೆ ಹಸಿವು ತಡ್ಕೊಳ್ಳಾಕಾಯ್ತಿರ್ಲಿಲ್ಲ. ಅದಕ್ಕೇ ನಾನು ನಿಲ್ತಿದ್ದೆ."

"ನಾನೂ ನಿಂತಿದ್ನಲ್ಲ! ನಿನ್ ಹಿಂದ್ಲೇ ಇದ್ದೆನೋ ಏನೋ," ಎಂದು ಸೋಮಮ್ಮ ಬುಟ್ಟಿ ಕೆಳಗಿಟ್ಟಳು.

ವೇದಿಕೆಯಿಂದ ಹೇಮಳ ಹೆಸರು ಕೂಗಿದರು. ಅವಳು ಹೋಗಲಿಲ್ಲ. ಇಬ್ಬರೂ ಆ ದಿನಗಳ ಮಾತಿಗಿಳಿದಿದ್ದರು, ಅವಳು ಕೇಳಿಸಿಕೊಳ್ಳುತ್ತ ನಿಂತಳು.