ಬಲೆಯ ಎಡಮಗ್ಗುಲು

"ನೀನೂ ಒಂದು ಹೊಡ್ದುಬುಡು ಕಣಪ್ಪ. ನನ್ನ ಮುಂದೇನೇ ಹೊಡಿ. ಅಲ್ಲಿಗೆ ಮುಗೀತದೆ," ಎಂದು ಪೋಲಮ್ಮ ಮಗನ ಭುಜ ಹಿಡಿದು ಹಾಲೇಶನ ಎದುರಿಗೆ ತಂದು ನಿಲ್ಲಿಸಿದಳು.

ಅವಳ ಮಾತು ಹಾಲೇಶನಿಗೆ ಬಲಗಿವಿಯಲ್ಲಷ್ಟೇ ಸರಿಯಾಗಿ ಕೇಳಿಸಿತು. ಎಡಗಿವಿಯಲ್ಲಿ ಭಾನುವಾರದಿಂದಲೂ ಗುಂಯ್ ಎನ್ನುವ ಸಣ್ಣ ಸದ್ದೊಂದು ನಿಲ್ಲದೆ ನಡೆದಿತ್ತು. ಹಿಂದೂಪುರದ ಮಾರುಕಟ್ಟೆ ಬೀದಿಯಲ್ಲಿದ್ದ ಅವರ ಹುಣಸೆಹಣ್ಣಿನ ಮಂಡಿಯಲ್ಲಿ ಬೆಳಗಿನ ವ್ಯಾಪಾರ ಆಗಷ್ಟೇ ತಗ್ಗಿತ್ತು. ಬಾಗಿಲ ಬಳಿ ಚೀಲ ಹೊಲಿಯುತ್ತಿದ್ದ ಇಬ್ಬರು ಹೆಂಗಸರು ದಬ್ಬಣ ಕೈಯಲ್ಲೇ ಹಿಡಿದು ಇತ್ತ ತಿರುಗಿದರು. ಒಳಗೆ ದಿಂಬಿಗೆ ಒರಗಿದ್ದ ಅಪ್ಪ ಜಯಣ್ಣ ಕನ್ನಡಕವನ್ನು ಹಣೆಗೇರಿಸಿಕೊಂಡ.

ಹುಡುಗನ ಹೆಸರು ಧರ್ಮೇಂದ್ರ. ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಇರಬೇಕು. ಭಾನುವಾರ ಕಲ್ಯಾಣದುರ್ಗದ ಫುಟ್‌ಬಾಲ್ ಮೈದಾನದಲ್ಲಿ ನೀಲಿ ಬನಿಯನ್ನು ತೊಟ್ಟು ಸೆಟ್ಟೂರಿನ ತಂಡ ನಡೆಸುತ್ತಿದ್ದವನು, ನಾನೂರು ಜನರ ಎದುರಿಗೆ ರೆಫರಿ ಹಾಲೇಶನ ಕಿವಿಯ ಮೇಲೆ ಅಂಗೈ ಬೀಸಿದವನು ಇವನೇ. ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಕರೆತಂದಿದ್ದಳು ತಾಯಿ. ಹೆಣ್ಣು ನೋಡಲು ಬಂದವನ ಹಾಗೆ ಕಾಣುತ್ತಿದ್ದ.

"ಏನಮ್ಮ, ಸೆಟ್ಟೂರಿಂದ ಇದಕ್ಕೇ ಬಂದ್ರಾ?" ಎಂದ ಜಯಣ್ಣ.

"ಮೊದಲ್ನೇ ಬಸ್ಸಿಗೇ ಬಂದ್ಬುಟ್ವಿ ಸೌಕಾರ್ರೇ. ಮೂರು ದಿನದಿಂದ ಇವನು ಸರಿಯಾಗಿ ಉಂಡಿಲ್ಲ. ನಿಮ್ಮ ಮಗ ಎರಡೇಟು ಹಾಕಿದ್ರೂ ನಾನು ಬ್ಯಾಡ ಅನ್ನಾಕಿಲ್ಲ. ಆದ್ರೆ ರಿಪೋರ್ಟ್ನಾಗೆ ಬರೀಬ್ಯಾಡ್ರಿ ನಾಯನಾ. ಬರದ್ರೆ ಎರಡು ವರ್ಷ ಆಡಂಗಿಲ್ಲ ಅಂತಾರಂತೆ. ಜಿಲ್ಲೆ ತಂಡಕ್ಕೆ ಹೆಸರು ಬಂದದ್ದು ಇದೇ ಮೊದಲು."

ಹಾಲೇಶ್ ಜೇಬು ಮುಟ್ಟಿ ನೋಡಿಕೊಂಡ. ಸಂಜೆ ಐದರೊಳಗೆ ಅವನ ರಿಪೋರ್ಟು ಜಿಲ್ಲಾ ಫುಟ್‌ಬಾಲ್ ಸಂಘಕ್ಕೆ ತಲುಪಬೇಕಿತ್ತು. ಹಾಳೆ ಅಂಗಿಯ ಜೇಬಿನಲ್ಲೇ ಇತ್ತು. ತಂಡಗಳ ಹೆಸರು, ತಾರೀಕು, ಹೊತ್ತು ಎಲ್ಲ ತುಂಬಿಸಿದ್ದ. ನಡೆದ ಘಟನೆಯ ವಿವರ ಬರೆಯಬೇಕಾದ ಕಡೆ ಮಾತ್ರ ಮೂರು ದಿನದಿಂದ ಖಾಲಿ.

"ಹೊಡಿಯೋದೂ ಬ್ಯಾಡ, ಬರಿಯೋದೂ ಬ್ಯಾಡ," ಎಂದ ಜಯಣ್ಣ. "ಯಾರೋ ಆಡೋ ಆಟಕ್ಕೆ ಇವನು ನೂರು ಕಿಲೋಮೀಟರ್ ಹೋಗಿ ಪೀಪಿ ಊದ್ತಾನೆ. ಊದಿ ಏಟು ತಿಂದ್ಕೊಂಡು ಬತ್ತಾನೆ. ಲೋ ಹಾಲೇಶ, ಆ ಹುಡುಗನ್ನ ಕಳಿಸ್ಲಾ. ಇನ್ಮೇಲೆ ಹೋಗೋದೂ ಬಿಟ್ಬುಡು."

ಚೀಲ ಹೊಲಿಯುವ ಹೆಂಗಸೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹಾಲೇಶನನ್ನು ಮೂರು ದಿನದಿಂದ ಕಾಡುತ್ತಿದ್ದದ್ದು ಏಟಲ್ಲ. ಏಟು ಬಿದ್ದ ಮೇಲೆ ಮೈದಾನದಲ್ಲಿ ಕವಿದ ಮೌನವೂ ಅಲ್ಲ. ಅದನ್ನು ಅವನು ಹೇಗೋ ಸಹಿಸಿದ್ದ. ಅವನನ್ನು ಕೊರೆಯುತ್ತಿದ್ದದ್ದು ಅದಕ್ಕೂ ಮುಂಚಿನದು. ಆಟ ಶುರುವಾಗುವ ಮೊದಲು ರೆಫರಿ ಎರಡೂ ಗೋಲು ಕಂಬಗಳ ಬಲೆಯನ್ನು ಸುತ್ತಿ ನೋಡಬೇಕು. ಬಸ್ ನಿಲ್ದಾಣದ ಕಡೆಗಿದ್ದ ಬಲೆಯನ್ನು ಅವನು ಎಳೆದು ನೋಡಿದ್ದ. ಇನ್ನೊಂದರ ಹತ್ತಿರ ಹೋದಾಗ ಅಲ್ಲಿ ಪೂಜೆ ನಡೆದಿತ್ತು. ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಗೆರೆಯ ಮೇಲೆ ಕರ್ಪೂರ ಹಚ್ಚಿದ್ದರು. ಎಡಮಗ್ಗುಲಿಗೆ ಒಡೆದ ತೆಂಗಿನಕಾಯಿ, ಹೂವು. ಅದನ್ನೆಲ್ಲ ಬೂಟುಗಾಲಿನಲ್ಲಿ ದಾಟಿ ಬಲೆಯ ಹಿಂದಕ್ಕೆ ಹೋಗುವುದು ಹೇಗೆಂದು ಅವನು ಅಳುಕಿದ. ಬೂಟು ಬಿಚ್ಚಲು ಹೊತ್ತಿರಲಿಲ್ಲ. ಎದುರಿನಿಂದಲೇ ನೋಡಿ, ಕೈಮುಗಿದು, ಮಂಗಳಾರತಿ ಕಣ್ಣಿಗೊತ್ತಿಕೊಂಡು ಬಂದುಬಿಟ್ಟ. ಕೆರೆಯ ಮೀನುಗಾರರಿಂದ ತಂದು ಕಟ್ಟಿದ್ದ ಹಳೆಯ ಬಲೆ ಅದು.

ಆಟ ಮುಗಿಯಲು ಹತ್ತು ನಿಮಿಷವಿತ್ತು. ಎರಡೂ ಕಡೆ ಗೋಲಿಲ್ಲ. ಕಲ್ಯಾಣದುರ್ಗದ ತಂಡದವರು ಹಿಂದಿನಿಂದ ಉದ್ದಕ್ಕೆ ಒದ್ದ ಚೆಂಡಿನ ಬೆನ್ನಿಗೆ ಹಾಲೇಶ್ ಓಡುತ್ತಿದ್ದ. ಆದರೆ ತುಂಬ ಹಿಂದೆ ಬಿದ್ದಿದ್ದ. ಧೂಳಿನೊಳಗೆ ಯಾರದೋ ಕಾಲು ಬೀಸಿದ್ದು ಕಂಡಿತು, ಆಮೇಲೆ ಚೆಂಡು ಬಲೆಯೊಳಗೆ ಕೂತಿದ್ದು ಕಂಡಿತು. ಗೋಲೆಂದು ಸೀಟಿ ಊದಿ ಮೈದಾನದ ನಡುಭಾಗಕ್ಕೆ ಕೈ ತೋರಿದ. ಸೆಟ್ಟೂರಿನ ಗೋಲ್‌ಕೀಪರ್ ಬಲೆಯ ಎಡಮಗ್ಗುಲಿಗೆ ಓಡಿ ಅದರ ತೂತಿನೊಳಗೆ ಕೈ ತೂರಿಸಿ, "ಅದಿ ಗೋಲ್ ಕಾದು ಸಾರ್, ಗೋಲಲ್ಲ! ಪಕ್ಕದಿಂದ ನುಗ್ಗೈತೆ!" ಎಂದು ಕೂಗಿದ. ಹಾಲೇಶ್ ಹೋಗಿ ನೋಡಲಿಲ್ಲ. ಒಮ್ಮೆ ಕೊಟ್ಟ ತೀರ್ಪಿನಿಂದ ಹಿಂದೆ ಸರಿದರೆ ಇನ್ನರ್ಧ ಮೈದಾನ ಮೈಮೇಲೆ ಬರುತ್ತದೆ ಎಂದು ಆ ಕ್ಷಣಕ್ಕೆ ಅನ್ನಿಸಿತ್ತು. ಆಗಲೇ ಏಟು ಬಿದ್ದದ್ದು. ಅವನು ಕೆಂಪು ಕಾರ್ಡು ತೋರಿದ. ಸೆಟ್ಟೂರಿನವರೆಲ್ಲ ಮೈದಾನ ಬಿಟ್ಟು ನಡೆದರು.

ಜನ ಕರಗಿದ ಮೇಲೆ ಅವನೊಬ್ಬನೇ ಆ ಬಲೆಯ ಹತ್ತಿರ ಹೋಗಿದ್ದ. ತೂತು ಕುಂಬಳಕಾಯಿ ತೂರುವಷ್ಟಿತ್ತು. ಅವನ ತೋಳು ಭುಜದವರೆಗೆ ಸಲೀಸಾಗಿ ಒಳಗೆ ಹೋಯಿತು.

ಈ ವಿಷಯವನ್ನು ಅವನು ಹೇಳಿಕೊಂಡದ್ದು ಹಿರಿಯ ರೆಫರಿ ನಟರಾಜನಿಗೆ ಮಾತ್ರ. ನಟರಾಜ ಗದರಿದ್ದ. "ಏಟಿನದಷ್ಟೇ ಬರಿ. ತೂತಿನ ಸುದ್ದಿ ಎತ್ತಬ್ಯಾಡ. ಎತ್ತಿದ್ರೆ ಅವನು ಹೊಡೆದದ್ದು ಸರಿ ಅಂತ ಆಗ್ತದೆ. ಇವತ್ತು ನಿನ್ನ ಕಿವಿ, ನಾಳೆ ಇನ್ನೊಬ್ಬನ ತಲೆ. ಬರೀದೆ ಬಿಟ್ರೆ ನಾವ್ಯಾರೂ ಆ ಕಡೆ ಆಟಕ್ಕೆ ಹೋಗಾಕಿಲ್ಲ, ತಿಳ್ಕೋ." ಆ ಮಾತೂ ಸರಿ ಅನ್ನಿಸಿತ್ತು. ತಪ್ಪು ತೀರ್ಪು ಕೊಟ್ಟವನಿಗೆ ಹೊಡೆಯಬಹುದು ಎಂದಾದರೆ ಯಾವ ರೆಫರಿ ತಾನೇ ಉಳಿದಾನು? ಆದರೆ ಬರೆಯಲು ಕೂತಾಗಲೆಲ್ಲ ತೋಳು ಬಲೆಯೊಳಗೆ ಹೋದ ಹಾಗಾಗಿ ಪೆನ್ನು ನಿಲ್ಲುತ್ತಿತ್ತು. ಏಟು ಒಂದು ಕಡೆ, ತೂತು ಒಂದು ಕಡೆ. ಎರಡನ್ನೂ ಬೇರೆಬೇರೆ ಇಟ್ಟು ನೋಡಲು ಹೋದರೆ ಒಂದರೊಳಗೊಂದು ಸೇರಿಕೊಂಡು ಬಿಡುತ್ತಿದ್ದವು.

"ಹೊಡಿಯಪ್ಪ," ಎಂದಳು ಪೋಲಮ್ಮ ಮತ್ತೆ. "ನಮ್ಮ ಕಡೆ ಹಿಂಗೇ ಮುಗ್ಸೋದು. ಏಟಿಗೆ ಏಟು, ಆಮೇಲೆ ಒಂದೇ ತಟ್ಟೇಲಿ ಊಟ. ಮನಸ್ನಾಗೆ ಏನೂ ಉಳಿಯಾಕಿಲ್ಲ."

ಹಾಲೇಶ್ ಎದ್ದು ನಿಂತ. ಕೈ ಮೇಲೆದ್ದಿತು. ಯಾಕೆ ಎತ್ತಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಧರ್ಮೇಂದ್ರ ಕಣ್ಣು ಮುಚ್ಚಿದ. ರೆಪ್ಪೆಗಳು ಅದುರುತ್ತಿದ್ದವು, ಕೆನ್ನೆಯನ್ನು ಮಾತ್ರ ಒಂದು ಬೆರಳಗಲ ಮುಂದಕ್ಕೆ ತಂದಿದ್ದ. ದಬ್ಬಣಗಳು ನಿಂತಿದ್ದವು. ಆ ಸದ್ದಡಗಿದ ಮಂಡಿಯಲ್ಲಿ ಹಾಲೇಶನಿಗೆ ತನ್ನ ಕಿವಿಯ ಗುಂಯ್ ಎನ್ನುವುದಷ್ಟೇ ಕೇಳಿಸಿತು. ಎತ್ತಿದ ಕೈ ಹಿಂದಕ್ಕೆ ಬಂದು ಅದೇ ಕಿವಿಯ ಮೇಲೆ ಕೂತಿತು.

"ಆ ತೂತು ನೀನು ಯಾವಾಗ ನೋಡ್ದೆ?" ಎಂದು ಕೇಳಿದ.

ಧರ್ಮೇಂದ್ರ ಕಣ್ಣು ಬಿಟ್ಟ. ತಾಯಿಯ ಕಡೆ ನೋಡಿ, ನೆಲ ನೋಡಿ, ಕೊನೆಗೆ, "ಬೆಳಿಗ್ಗೇನೇ ಸಾರ್," ಎಂದ.

"ಬೆಳಿಗ್ಗೇನೇ?"

"ಪೂಜೆಗೆ ಮುಂಚೆ. ನಮ್ಮೋರೆಲ್ಲ ನೋಡಿದ್ವಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಮೊದಲರ್ಧ ಆ ಬಲೆ ಅವ್ರ ಕಡೆ ಇತ್ತಲ್ಲ ಸಾರ್." ಅವನ ದನಿ ತಗ್ಗಿತು. "ಹೆಂಗಾದ್ರೂ ನಮಗೊಂದು ಗೋಲ್ ನುಗ್ಗೀತೇನೋ ಅಂತ... ಬಿಡುವಿನಾಗೆ ಕಟ್ಟಬೇಕು ಅಂದ್ಕೊಂಡ್ವಿ. ಮರ್ತೋಯ್ತು."

ಜಯಣ್ಣ ಜೋರಾಗಿ ನಕ್ಕುಬಿಟ್ಟ. "ಭಲೇ ಕಣ್ಲಾ! ನೀನು ವ್ಯಾಪಾರಕ್ಕೆ ಬರಬೇಕಾಗಿತ್ತು."

ಪೋಲಮ್ಮನಿಗೆ ನಗು ಬರಲಿಲ್ಲ. ಮಗನನ್ನು ಮೊದಲ ಸಲ ಕಾಣುತ್ತಿರುವವಳ ಹಾಗೆ ನೋಡುತ್ತ ನಿಂತಳು. ಹಾಲೇಶನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಇವನು ಹೇಳಲಿಲ್ಲ, ತಾನು ನೋಡಲಿಲ್ಲ. ಆಮೇಲೆ ಇವನು ಹೊಡೆದ. ಒಂದನ್ನು ಕಳೆದು ಇನ್ನೊಂದನ್ನು ಉಳಿಸಲು ಯಾವ ದಾರಿಯೂ ಅವನಿಗೆ ಕಾಣಲಿಲ್ಲ. ಜೇಬಿನಿಂದ ಹಾಳೆ ತೆಗೆದು, ತಕ್ಕಡಿಯ ಪಕ್ಕದ ಹಲಗೆಯ ಮೇಲೆ ಹರಡಿ, ಅಲ್ಲೇ ಬರೆಯತೊಡಗಿದ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಬರೆದು ಮುಗಿಸಿ ಧರ್ಮೇಂದ್ರನಿಗೆ ಕನ್ನಡದಲ್ಲಿ ಹೇಳಿದ.

"ಆಟದ ಮುಂಚೆ ಆ ಕಡೆ ಬಲೆ ನಾನು ಸುತ್ತಿ ನೋಡ್ಲಿಲ್ಲ ಅಂತ ಬರ್ದೀನಿ. ಗೋಲ್ ಅಲ್ಲದ್ದನ್ನ ಗೋಲ್ ಅಂದೆ ಅಂತ ಬರ್ದೀನಿ. ಸೆಟ್ಟೂರಿನ ಧರ್ಮೇಂದ್ರ ನನ್ನ ಕಿವಿಗೆ ಹೊಡೆದ ಅಂತಾನೂ ಬರ್ದೀನಿ."

"ನಾವು ತೂತಿನ ಸುದ್ದಿ ಮುಚ್ಚಿಟ್ಟದ್ದು?"

"ಅದು ನಾನು ಕಂಡದ್ದಲ್ಲ. ಬೇಕಾದ್ರೆ ಅದನ್ನ ನೀನು ಬರಿ."

ಧರ್ಮೇಂದ್ರ ಹಾಳೆಯನ್ನೇ ನೋಡುತ್ತಿದ್ದ. ತನ್ನ ಹೆಸರು ಎಲ್ಲಿದೆ ಎಂದು ಹುಡುಕಿ ಅದರ ಮೇಲೆ ಕಣ್ಣಿಟ್ಟ. "ಎರಡು ವರ್ಷ ಹಾಕ್ತಾರಾ ಸಾರ್?"

"ಹಾಕಬಹುದು."

"ನಿಮ್ಗೆ?"

"ಗೊತ್ತಿಲ್ಲ."

ಅವನು ಪೆನ್ನು ಕೇಳುತ್ತಾನೇನೋ ಎಂದು ಹಾಲೇಶ್ ಸ್ವಲ್ಪ ಹೊತ್ತು ಕಾದ. ಅವನು ಕೇಳಲಿಲ್ಲ. ಆದರೆ ಹಾಳೆಯನ್ನು ಹಿಂದಕ್ಕೆ ಸರಿಸಲೂ ಇಲ್ಲ.

"ಬರ್ಕೊಂಡ್ರೆ ಎಲ್ಲಿ ಮುಗೀತದಪ್ಪ?" ಎಂದಳು ಪೋಲಮ್ಮ. ಅವಳ ದನಿಯಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು. "ಹೊಡ್ದಿದ್ರೆ ಮುಗೀತಿತ್ತು. ಇದೆಂಥಾ ನ್ಯಾಯ ನಂಗೆ ತಿಳಿಯಾಕಿಲ್ಲ."

"ನನಗೂ ತಿಳಿಯಲ್ಲಮ್ಮ," ಎಂದ ಹಾಲೇಶ್. ಅದು ನಿಜವಾಗಿತ್ತು.

ಜಯಣ್ಣ ಒಳಗಿಂದ ಊಟ ತರಿಸುತ್ತೇನೆಂದ. ಅವಳು ಬೇಡವೆಂದಳು. ಪಾವಗಡದ ಮೇಲೆ ಹೋಗುವ ಕಲ್ಯಾಣದುರ್ಗದ ಬಸ್ಸು ತಪ್ಪಿದರೆ ಮತ್ತೆ ಮೂರು ಗಂಟೆಗೇ ಇದ್ದದ್ದು. ಹಾಲೇಶ್ ಅವರ ಜತೆ ನಿಲ್ದಾಣದವರೆಗೆ ನಡೆದ. ಧರ್ಮೇಂದ್ರ ಹಾಲೇಶನ ಬಲಕ್ಕೆ, ಕೇಳುವ ಕಿವಿಯ ಕಡೆಗೆ ಬಂದು ನಡೆಯುತ್ತಿದ್ದ. ತಿಳಿದು ಹಾಗೆ ಬಂದನೋ, ಜನಜಂಗುಳಿಯಲ್ಲಿ ಸುಮ್ಮನೆ ಹಾಗಾಯಿತೋ ಹೇಳುವಂತಿರಲಿಲ್ಲ.

ಬಸ್ಸು ಹತ್ತುವಾಗ ಅವನು ತಿರುಗಿ, "ಹೋಯ್ತೀನಿ ಸಾರ್," ಎಂದ. ಹಾಲೇಶ್ ತಲೆಯಾಡಿಸಿದ. ಚಾಲಕ ಎಂಜಿನ್ ಚಾಲೂ ಮಾಡಿದಾಗ ಬಸ್ಸೆಲ್ಲ ನಡುಗಿತು. ಕಿಟಕಿಯ ಪಕ್ಕ ಮಗ ಕೂತಿದ್ದ, ಅವನ ಆಚೆ ತಾಯಿ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಯಾರೂ ಹೊಡೆಯದ ಅವನ ಕೆನ್ನೆಯನ್ನು ಮೆಲ್ಲಗೆ, ಮತ್ತೆ ಮತ್ತೆ ಒರೆಸುತ್ತಿದ್ದಳು.