ಎಪ್ಪತ್ತೈದರಲ್ಲಿ ನಿಂತ ಮುಳ್ಳು

ಸುಣ್ಣಕಟ್ಟು ರೋಗ ಬಂದು ರೇಷ್ಮೆಹುಳುಗಳೆಲ್ಲ ಬಳಪದ ಕಡ್ಡಿಯಂತೆ ಸೆಟೆದುಕೊಂಡ ಮೇಲೆ, ಶಿಡ್ಲಘಟ್ಟದ ಪಕ್ಕದ ಆ ಮನೆಯಲ್ಲಿ ತಪ್ಪು ಯಾರದೆಂದು ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಸೊಸೆ ತನುಜ ಇದ್ದಳಲ್ಲ.

"ಮುಟ್ಟಾದೋಳು ಹುಳದ ಮನೆ ಹೊಸ್ತಿಲು ದಾಟಿದ್ರೆ ಇನ್ನೇನಾಗ್ತದೆ?" ಅತ್ತೆ ವೆಂಕಟರತ್ನಮ್ಮ ಬೀದಿಗೆಲ್ಲ ಕೇಳುವ ಹಾಗೆ ಅಂದಳು. "ಓದು ತಲೆಗೇರಿದೆ ಕಣಮ್ಮ ಇವಳಿಗೆ."

ತನುಜ ದಾಟಿರಲಿಲ್ಲ. ಆ ದಿನಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಮಂಕರಿಯನ್ನು ಬಾಗಿಲ ಹೊರಗೇ ಇಟ್ಟು ಬಂದಿದ್ದಳು. ಅದನ್ನು ಒಳಗೊಯ್ದಿದ್ದ ಗಂಡ ಜಗನ್ ಈಗ ತಲೆ ತಗ್ಗಿಸಿ ಕೂತಿದ್ದ.

ಸತ್ತ ಹುಳು ಗುಡಿಸಿ ಸುಡುವ ಕೆಲಸ ಮಾತ್ರ ಅವಳ ಪಾಲಿಗೇ ಬಂತು. ಅದಕ್ಕೆ ಮೈಲಿಗೆ ಅಡ್ಡ ಬರಲಿಲ್ಲ. ಗುಡಿಸುತ್ತಿದ್ದವಳ ಕಣ್ಣು ಗೋಡೆಯ ಮೇಲೆ ಬಿತ್ತು. ಗಾಳಿಯ ತೇವ ತೋರಿಸುವ ಹಳೇ ಮುಳ್ಳಿನ ಗಡಿಯಾರ. ತೇವ ಹೆಚ್ಚಾದರೇ ಸುಣ್ಣಕಟ್ಟು ಹಬ್ಬುವುದು. ಜಡಿಮಳೆಗೆ ಗೋಡೆಯೇ ಬೆವರುತ್ತಿದ್ದರೂ ಮುಳ್ಳು ಹುಳುವಿಗೆ ಹಿತವಾದ ಎಪ್ಪತ್ತೈದರಲ್ಲಿತ್ತು. ಅದನ್ನು ನಂಬಿಯೇ ಜಗನ್ ಕಿಟಕಿ ತೆರೆದಿರಲಿಲ್ಲ.

ಚಿಂತಾಮಣಿಯ ತವರಿನಲ್ಲಿ ಅಪ್ಪ ಪ್ರತಿ ರೇಷ್ಮೆ ಬೆಳೆಗೂ ಮುಂಚೆ ಮಾಡುತ್ತಿದ್ದಂತೆ ಅವಳು ಅದನ್ನಿಳಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಮುಳ್ಳು ನೂರರ ಹತ್ತಿರಕ್ಕೆ ಏರಬೇಕಿತ್ತು. ಕದಲಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದಳು. ಒಳಗೆ ಮನುಷ್ಯರ ತಲೆಗೂದಲಿರಬೇಕು. ತೇವ ಹೀರಿದರೆ ಅದು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ, ಆ ಎಳೆತಕ್ಕೇ ಮುಳ್ಳು ತಿರುಗುವುದು. ಇಲ್ಲಿ ಕೂದಲಿನ ಜಾಗದಲ್ಲಿ ಹೊಳೆಯುವ ರೇಷ್ಮೆ ಹುರಿ ಬಿಗಿದು ಕೂತಿತ್ತು.

ತೋರಿಸಿದಾಗ ಜಗನ್ ಮುಖ ಸಣ್ಣದಾಯಿತು. "ಕೂದಲು ತುಂಡಾಗಿತ್ತು. ನಮ್ಮ ರೇಷ್ಮೆ ಅದಕ್ಕಿಂತ ಗಟ್ಟಿ ಅಲ್ವಾ ಅಂತ ನಾನೇ ಕಟ್ದೆ."

"ಅತ್ತೆಗೆ ಹೇಳಿ."

"ಆಗಿದ್ದು ಆಗೋಯ್ತು ಕಣೇ. ಈಗ ಹೇಳಿದ್ರೆ ಅಮ್ಮ ನನ್ನ ಮುಖ ನೋಡ್ತಾಳಾ? ನಿಂಗಾದ್ರೆ ಅನ್ನಿಸ್ಕೊಂಡು ಅಭ್ಯಾಸ ಇದೆ." ನಕ್ಕ. ಅವಳು ನಗದಿದ್ದುದನ್ನು ಕಂಡು ದನಿ ತಗ್ಗಿಸಿದ. "ನಿನ್ನ ಕೂದಲು ಉದ್ದ ಇದೆಯಲ್ಲ, ಒಂದು ಕೊಡು. ಮುಂದಿನ ಬೆಳೆಗೆ ಸರಿಮಾಡ್ತೀನಿ."

"ಮೊದಲು ಹೇಳಿ ಬನ್ನಿ. ಆಮೇಲೆ ಕೊಡ್ತೀನಿ."

ಜಗನ್ ಗಡಿಯಾರ ಹಿಡಿದು ಎದ್ದ. ಜಗಲಿಯಲ್ಲಿ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದು ಒಳಗಿನಿಂದ ಕಾಣುತ್ತಿತ್ತು. ತನುಜ ಪೊರಕೆ ನಿಲ್ಲಿಸಿ ಕಿವಿಗೊಟ್ಟಳು.

"ಅಮ್ಮ, ಇದಕ್ಕೆ ಒಂದು ಕೂದಲು ಬೇಕಿತ್ತು."

"ಅದಕ್ಕೇನಪ್ಪ, ತಗೋ." ವೆಂಕಟರತ್ನಮ್ಮ ತುರುಬು ಬಿಚ್ಚಿದಳು. "ಅವಳದ್ದು ಹಾಕೀಯ ಮತ್ತೆ."

"ಇಲ್ಲಮ್ಮ," ಅಂದ ಜಗನ್.