ಯಾಸ್ನಾಗೆ ಇಲ್ಲದ ಕೆಮ್ಮು

ಚಿಲೊಯೆ ದ್ವೀಪದ ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಆ ವರ್ಷ ಹತ್ತನೇ ತರಗತಿಯಲ್ಲಿ ಇದ್ದದ್ದೇ ಹನ್ನೊಂದು ಮಕ್ಕಳು. ಸರ್ಕಾರದ ಪರೀಕ್ಷೆಯಲ್ಲಿ ಸರಾಸರಿ ಮತ್ತೆ ಇಳಿದರೆ ಶಾಲೆ ಮುಚ್ಚುತ್ತಾರೆ, ಮಕ್ಕಳು ದಿನಾ ದೋಣಿ ಹತ್ತಿ ಆಚೆ ದಡದ ಪೇಟೆಗೆ ಹೋಗಬೇಕು ಅಂತ ಸುದ್ದಿ ಹಬ್ಬಿತ್ತು.

ಹೆಡ್‌ಮಾಸ್ಟರ್ ಎವರಿಸ್ತೊ ನನ್ನನ್ನು ಕರೆದು, "ಎಡಿತ್, ಪರೀಕ್ಷೆ ದಿನ ಒಂದಿಬ್ಬರಿಗೆ ಜ್ವರ ಬಂದ್ರೆ ನಮ್ಮ ಪುಣ್ಯ," ಅಂದರು. ಅಷ್ಟೇ ಅಂದದ್ದು. ಯಾರಿಗೆ ಅಂತ ಆರಿಸಿದವಳು ನಾನು.

ಯಾಸ್ನಾ ಭಿನ್ನರಾಶಿ ಬಂದರೆ ತಡವರಿಸುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ಅವಳನ್ನು ಬಾಗಿಲಲ್ಲಿ ತಡೆದೆ. "ಕೆಮ್ತಾ ಇದೀಯಲ್ಲೇ. ನಾಳೆ ಬರಬೇಡ. ಅಮ್ಮಂಗೆ ಚೀಟಿ ಬರೆದುಕೊಡ್ತೀನಿ."

"ನಾನು ಕೆಮ್ಲೇ ಇಲ್ವಲ್ಲ ಟೀಚರ್."

ನಾನು ಚೀಟಿ ಬರೆಯುತ್ತಲೇ ಇದ್ದೆ. ಅವಳು ಚೀಟಿ ತೆಗೆದುಕೊಂಡು ಹೋದಳು.

ಪರೀಕ್ಷೆ ಮುಗಿದು ಎರಡು ವಾರವಾದರೂ ಅವಳ ಸುಳಿವಿಲ್ಲ. ಕೊನೆಗೆ ಮನೆಗೇ ಹೋದೆ. ತಾಯಿ ಎರ್ಮೆಲಿಂದಾ ಸೌದೆ ಒಲೆಯ ಮೇಲೆ ಆಲೂಗೆಡ್ಡೆಯ ಮಿಲ್ಕಾವೊ ರೊಟ್ಟಿ ಬೇಯಿಸುತ್ತಿದ್ದಳು.

"ಬನ್ನಿ ಟೀಚರ್. ನಿಮ್ಮ ಚೀಟಿ ನೋಡಿ ಮೂರು ದಿನ ಕಹಿ ಕಷಾಯ ಕುಡಿಸಿದೆ. ಮುಖ ಕಿವುಚಿದಳೇ ಹೊರತು ಬೇಡ ಅನ್ನಲಿಲ್ಲ. ಈಗ ಶಾಲೆಗೆ ಹೋಗೇ ಅಂದ್ರೆ ಕಡಲಪಾಚಿ ಆರಿಸೋಕೆ ಹೋಗ್ತಾಳೆ. ನೀವೇ ನಾಲ್ಕು ಬೈರಿ."

ಅಷ್ಟರಲ್ಲಿ ಯಾಸ್ನಾ ಒದ್ದೆ ಚೀಲ ಹೊತ್ತು ಬಂದಳು. ಅವಳನ್ನು ಹೊರಗೆ ಕರೆದು ಕೇಳಿದೆ, "ಅಮ್ಮಂಗೆ ಯಾಕೆ ನಿಜ ಹೇಳಲಿಲ್ಲ?"

"ಟೀಚರ್ ಸುಳ್ಳು ಹೇಳಿದ್ರು ಅಂತ ಹೆಂಗೆ ಹೇಳ್ಲಿ?"

ಒಳಗೆ ಹೋಗಿ ನಾನೇ ಹೇಳಿದೆ. ಎರ್ಮೆಲಿಂದಾ ಬೈಯಲಿಲ್ಲ. ತಟ್ಟೆ ನನ್ನ ಮುಂದಿಟ್ಟಳು. "ತಿನ್ನಿ, ಆರಿಹೋಗುತ್ತೆ." ಆಮೇಲೆ ಒಲೆಯ ಕಡೆ ತಿರುಗಿಕೊಂಡೇ ಅಂದಳು: "ದಡ್ಡಿ ಅಂತ ಬೇರೆ ಯಾರಾದ್ರೂ ಅಂದಿದ್ರೆ ಅವಳು ನಂಬ್ತಿರಲಿಲ್ಲ."

"ಸೋಮವಾರ ಕಳಿಸಿ, ನಾನೇ ಕೂತು ಹೇಳಿಕೊಡ್ತೀನಿ," ಅಂದೆ.

ಸೋಮವಾರ ಯಾಸ್ನಾ ಬಂದಳು. ದಿನಾ ಸಂಜೆ ಅವಳ ಜೊತೆ ಕೂತು ಭಿನ್ನರಾಶಿ ಹೇಳಿಕೊಟ್ಟೆ. ಒಂದೇ ತಿಂಗಳಲ್ಲಿ ಕಲಿತಳು. ಆ ಒಂದು ತಿಂಗಳು ನನಗೆ ಮೊದಲೇ ಸಿಕ್ಕಿರಲಿಲ್ಲವೇ? ಅವಳು ಬರೆಯದ ಆ ಪರೀಕ್ಷೆಯ ಫಲಿತಾಂಶ ಬಂದಾಗ ಸರಾಸರಿ ಆರು ಅಂಕ ಏರಿತ್ತು. ಹೆಡ್‌ಮಾಸ್ಟರ ಪಕ್ಕ ನಿಂತು ನಾನೂ ಫೋಟೋ ತೆಗೆಸಿಕೊಂಡೆ.

ಮರುವರ್ಷ ಎಲ್ಲರನ್ನೂ ಪರೀಕ್ಷೆಗೆ ಕೂರಿಸಿದೆ. ಸರಾಸರಿ ಇಳಿಯಿತು. ಶಾಲೆಯನ್ನು ಯಾರೂ ಮುಚ್ಚಲಿಲ್ಲ.

ಯಾಸ್ನಾ ಈಗ ಪೇಟೆಯ ಮೀನು ಕಾರ್ಖಾನೆಯಲ್ಲಿದ್ದಾಳೆ. ದೋಣಿಯಲ್ಲಿ ಸಿಕ್ಕರೆ ಎದ್ದು, "ಕೂತ್ಕೊಳ್ಳಿ ಟೀಚರ್," ಅನ್ನುತ್ತಾಳೆ. ನಾನು ಕೂರುತ್ತೇನೆ.